ಮನೆ ಮೇಲಿನ ಬೋಜಾ ಇಳಿಸೋಣ: ದಿನಕ್ಕೆ ನೂರು ರೂಪಾಯಿಯ ಪಾಠ

ಯುವಜನರ ಅಧ್ಯಯನ ಕೂಟ
ಓದಿಕೊಂಡು ಬರಬೇಕಾದ ವಾಕ್ಯಭಾಗಗಳು: 2 ಅರಸುಗಳು 4:1-7, ನೆಹೆಮೀಯ 5:1-13, ಮಾರ್ಕ 7:9-13



ಇವತ್ತಿನ ವಿಷಯ ಮನೆ ಸಾಲ. ಪ್ರಾರ್ಥನಾ ವಿನಂತಿಯ ಚೀಟಿಯಲ್ಲಿ ಇದನ್ನ ಎಲ್ಲರೂ ಬರೀತೀವಿ, ಆದರೆ ವಾಕ್ಯ ತೆರೆದು ಕೂತು ಇದರ ಬಗ್ಗೆ ಮಾತಾಡೋದು ಕಡಿಮೆ. ನಿಮ್ಮಲ್ಲಿ ಕೆಲವರು ಬೆಂಗಳೂರಲ್ಲಿ ಫ್ಲಾಟ್ ತಗೊಂಡಿದ್ದೀರಿ. ಕೆಲವರು ಹುಬ್ಬಳ್ಳಿ, ದಾವಣಗೆರೆಯಲ್ಲಿ ಸೈಟ್ ನೋಡ್ತಾ ಇದ್ದೀರಿ. ಸಂಬಳ ಬಿದ್ದ ನಾಲ್ಕೇ ದಿನಕ್ಕೆ ಕಂತು ಕಡಿತ ಆಯ್ತು ಅಂತ ಮೆಸೇಜ್ ಬರ್ತದೆ. ಉಳಿದ ಇಪ್ಪತ್ತಾರು ದಿನ ಹೇಗೆ ಅನ್ನೋ ಚಿಂತೆ ಶುರು ಆಗ್ತದೆ.

ನಾನು ಪಾಸ್ಟರ್ ಅಲ್ಲ, ಹಣಕಾಸಿನ ತಜ್ಞನೂ ಅಲ್ಲ. ಕಾಗಿನೆಲೆ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಹಾವೇರಿಯಲ್ಲಿ ಮನೆ ಕಟ್ಟಿಕೊಂಡು, ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡೋ ಮೇಷ್ಟ್ರು. ನನ್ನ ಹೆಂಡತಿ ಬ್ಯಾಡಗಿಯಲ್ಲಿ ನರ್ಸ್. 2013ರಲ್ಲಿ ನಾವು 12 ಲಕ್ಷ ರೂಪಾಯಿ ಮನೆ ಸಾಲ ತೆಗೆದೆವು, 20 ವರ್ಷದ ಅವಧಿಗೆ. 2024ರಲ್ಲಿ ಅದು ಮುಗೀತು. ಹೇಗೆ ಮುಗೀತು ಅನ್ನೋದನ್ನ ಹೇಳಿ ಅಂತ ಹಿರಿಯರು ಕೇಳಿದ್ದಕ್ಕೆ ನಿಮ್ಮ ಮುಂದೆ ನಿಂತಿದ್ದೀನಿ.

1. ಅದ್ಭುತ ಆಯ್ತು, ಆದರೆ ಸಾಲದ ಪತ್ರ ಹರೀಲಿಲ್ಲ

2 ಅರಸುಗಳು 4ನೇ ಅಧ್ಯಾಯ ನಮಗೆಲ್ಲ ಗೊತ್ತಿರೋ ಭಾಗ. ಪ್ರವಾದಿಗಳ ಶಿಷ್ಯನೊಬ್ಬ ತೀರಿಹೋಗಿದ್ದಾನೆ. ದೈವಭಕ್ತ, ಆದರೂ ಸಾಲ ಬಿಟ್ಟು ಹೋಗಿದ್ದಾನೆ. ಸಾಲ ಕೊಟ್ಟವನು ಬಾಗಿಲಿಗೆ ಬಂದಿದ್ದಾನೆ. ಅವನ ಕಣ್ಣು ಪಾತ್ರೆ ಪಗಡಿ ಮೇಲೆ ಇಲ್ಲ, ಆ ವಿಧವೆಯ ಇಬ್ಬರು ಗಂಡುಮಕ್ಕಳ ಮೇಲೆ ಇದೆ. ಅವರನ್ನ ದಾಸರಾಗಿ ಕರಕೊಂಡು ಹೋಗಬೇಕು ಅಂತಾನೆ.

ಇದು ಹಳೇ ಕಾಲದ ಕಥೆ ಅಂತ ಅಂದುಕೊಳ್ಳಬೇಡ್ರಿ. 2025ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸ್ ವಸೂಲಿಯವರ ಕಾಟ ತಾಳಲಾರದೆ ತಮ್ಮ ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಪೋಸ್ಟ್ ಮಾಡಿದ ಸುದ್ದಿ ನೀವೂ ನೋಡಿದ್ದೀರಿ. ಮುಂದಿನ ತಿಂಗಳೇ ಬಲವಂತದ ವಸೂಲಿ ತಡೆಯೋಕೆ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಬಾಗಿಲಲ್ಲಿ ನಿಂತ ಸಾಲಗಾರ ಅಂದ್ರೆ ಏನು ಅಂತ ಆ ವಿಧವೆಗೆ ಗೊತ್ತಿತ್ತು, ನಮ್ಮ ಓಣಿಯ ಅಕ್ಕಂದಿರಿಗೂ ಗೊತ್ತು.

ಈಗ ಎಲೀಷ ಏನು ಮಾಡಿದ ನೋಡ್ರಿ. ಮನೇಲಿ ಏನಿದೆ ಅಂತ ಕೇಳಿದ. ಒಂದು ಸಣ್ಣ ಕುಡಿಕೆ ಎಣ್ಣೆ ಬಿಟ್ಟರೆ ಏನೂ ಇಲ್ಲ ಅಂದಳು. ನೆರೆಯವರ ಹತ್ತಿರ ಖಾಲಿ ಪಾತ್ರೆ ತರಿಸಿದ, ಎಣ್ಣೆ ತುಂಬಿತು. ಅದ್ಭುತ! ಹಲ್ಲೆಲೂಯಾ ಅಂತ ಹೇಳಿ ನಾವು ಅಲ್ಲಿಗೇ ಪುಸ್ತಕ ಮುಚ್ಚಿಬಿಡ್ತೀವಿ. ಏಳನೇ ವಚನ ಓದೋದೇ ಇಲ್ಲ. ಅಲ್ಲಿ ಮೂರು ಕೆಲಸ ಹೇಳಿದ್ದಾನೆ: ಮೊದಲು ಮಾರಾಟ, ಆಮೇಲೆ ಸಾಲ ತೀರುವಳಿ, ಕೊನೆಗೆ ಮಿಕ್ಕಿದ್ದರಲ್ಲಿ ತಾಯಿ ಮಕ್ಕಳ ಜೀವನ.

ದೇವರು ಎಣ್ಣೆ ಕೊಟ್ಟರು, ಸಾಲಗಾರನ ಲೆಕ್ಕದ ಪುಸ್ತಕ ಸುಡಲಿಲ್ಲ. ತುಂಬಿದ ಪಾತ್ರೆಗಳನ್ನ ನೋಡಿ ಮೊದಲು ಒಂದು ಹಬ್ಬ ಮಾಡಿ ಅಂತ ಪ್ರವಾದಿ ಹೇಳಲಿಲ್ಲ. ಸಾಲ ಮೊದಲು, ಊಟ ಆಮೇಲೆ. "ನಂಬಿಕೆಯಿಂದ ದೊಡ್ಡ ಲೋನ್ ತಗೋ, ದೇವರು ಹೇಗೋ ತೀರಿಸ್ತಾರೆ" ಅಂತ ಯಾರಾದರೂ ನಿಮಗೆ ಹೇಳಿದರೆ, ಈ ವಚನ ತೋರಿಸ್ರಿ. ದೇವರು ನನಗೂ ಎಣ್ಣೆ ಕೊಟ್ಟಿದ್ದಾರೆ, ನಿಮಗೂ ಕೊಟ್ಟಿದ್ದಾರೆ. ಪ್ರತಿ ತಿಂಗಳು ಬ್ಯಾಂಕ್ ಖಾತೆಗೆ ಬೀಳೋ ಸಂಬಳ ಅಂದ್ರೆ ಅದೇ ಎಣ್ಣೆ. ಅದನ್ನ ಯಾವ ಪಾತ್ರೆಗೆ ಮೊದಲು ಸುರೀತೀವಿ ಅನ್ನೋದೇ ಇವತ್ತಿನ ಪ್ರಶ್ನೆ.

2. ಬೋಜಾ ಅಂದ್ರೇನು? ಸ್ವಲ್ಪ ಗಣಿತ

ನಮ್ಮ ಕಡೆ ಹೊಲದ ಮೇಲೆ ಸಾಲ ತೆಗೆದರೆ ಉತಾರದಲ್ಲಿ "ಬೋಜಾ" ಏರ್ತದೆ. ಸಾಲ ತೀರಿದ ಮೇಲೆ ಬೋಜಾ ಇಳಿಸಬೇಕು. ಅಪ್ಪನ ಹೊಲದ ಉತಾರದಲ್ಲಿ ನಾನು ಅಕ್ಷರ ಕಲಿತಾಗಿನಿಂದಲೂ ಆ ಪದ ಓದಿದ್ದೀನಿ. ಮೆಣಸಿನಕಾಯಿಗೆ ರೇಟ್ ಬಂದ ವರ್ಷ ಸ್ವಲ್ಪ ಇಳೀತಿತ್ತು, ರೇಟ್ ಬಿದ್ದ ವರ್ಷ ಮತ್ತೆ ಏರ್ತಿತ್ತು. ಪೇಟೆಯ ಮನೆಗಾದರೆ ಇದೇ ಮಾತು ಋಣಭಾರ ಪ್ರಮಾಣಪತ್ರದಲ್ಲಿ, ನೀವು ಇ.ಸಿ. ಅಂತೀರಲ್ಲ, ಅದರಲ್ಲಿ ಬರ್ತದೆ. ಬೋಜಾ, ಋಣಭಾರ, ಎರಡರ ಅರ್ಥವೂ ಹೊರೆ. ಕಾಗದದ ಮೇಲೇ ಬರೆದುಬಿಟ್ಟಿದ್ದಾರೆ.

ಈ ಹೊರೆಯ ತೂಕ ಎಷ್ಟು? ಲೆಕ್ಕ ಸುಲಭ ಆಗಲಿ ಅಂತ 12 ಲಕ್ಷ ಸಾಲ, ಶೇ 10 ಬಡ್ಡಿ, 20 ವರ್ಷ ಅಂತ ಹಿಡೀರಿ. ಬಡ್ಡಿ ಕೊನೇತನಕ ಬದಲಾಗಲಿಲ್ಲ ಅಂತಲೂ ಹಿಡೀರಿ. ತಿಂಗಳ ಕಂತು 11,580 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಗೆ ಹೋಗೋದು 10,000. ಅಸಲಿಗೆ ಹೋಗೋದು 1,580 ಮಾತ್ರ. ಕಂತಿನಲ್ಲಿ ಬಡ್ಡಿಗಿಂತ ಅಸಲಿನ ಪಾಲು ಹೆಚ್ಚಾಗಬೇಕಾದರೆ 13 ವರ್ಷ ಕಾಯಬೇಕು. 13 ವರ್ಷ ಒಂದು ಕಂತೂ ತಪ್ಪದೆ ಕಟ್ಟಿದ ಮೇಲೂ ಸುಮಾರು 7 ಲಕ್ಷ ಬಾಕಿ ಇರ್ತದೆ. ಪೂರ್ತಿ 20 ವರ್ಷ ಕಟ್ಟಿದರೆ ಒಟ್ಟು 27 ಲಕ್ಷ 79 ಸಾವಿರ. 12 ಲಕ್ಷದ ಮನೆಗೆ ಬಡ್ಡಿಯೇ 15 ಲಕ್ಷ 79 ಸಾವಿರ.

ಬ್ಯಾಂಕಿನವರು ಮೋಸ ಮಾಡ್ತಾರೆ ಅಂತ ನಾನು ಹೇಳ್ತಾ ಇಲ್ಲ. ನಾವು ಸಹಿ ಹಾಕಿದ ಲೆಕ್ಕವೇ ಇದು. ಉಳಿದ ಅಸಲಿನ ಮೇಲೆ ಬಡ್ಡಿ. ಹಾಗಾಗಿ ಶುರುವಿನಲ್ಲಿ ಬಡ್ಡಿ ಜಾಸ್ತಿ.

ಈಗ ಇದೇ ಲೆಕ್ಕದ ಇನ್ನೊಂದು ಮಗ್ಗಲು ನೋಡ್ರಿ. ಮೊದಲ ತಿಂಗಳಿಂದಲೇ ಕಂತಿನ ಜೊತೆ 3,000 ರೂಪಾಯಿ ಹೆಚ್ಚು ಕಟ್ಟಿದರೆ? ಆ ದುಡ್ಡು ಪೂರ್ತಿ ಅಸಲಿಗೇ ಹೋಗ್ತದೆ. ಸಾಲ 20 ವರ್ಷದ ಬದಲು 11 ವರ್ಷ 8 ತಿಂಗಳಿಗೆ ಮುಗೀತದೆ. ಬಡ್ಡಿಯಲ್ಲಿ ಸುಮಾರು 7 ಲಕ್ಷ 45 ಸಾವಿರ ಉಳೀತದೆ. ತಿಂಗಳಿಗೆ 3,000 ಅಂದ್ರೆ ದಿನಕ್ಕೆ ನೂರು ರೂಪಾಯಿ. ದಿನಕ್ಕೆ ನೂರು ರೂಪಾಯಿಗೆ ನಿಮ್ಮ ಬದುಕಿನ ಎಂಟು ವರ್ಷ ವಾಪಸ್ ಸಿಗ್ತದೆ!

ನಿಮ್ಮ ಸಾಲ 50 ಲಕ್ಷ ಇರಬಹುದು, ನಿಮ್ಮ ಬಡ್ಡಿ ಶೇ 8 ಇರಬಹುದು. ಅಂಕಿ ಬದಲಾಗ್ತದೆ, ದಾರಿ ಬದಲಾಗಲ್ಲ. ಶುರುವಿನ ವರ್ಷಗಳಲ್ಲಿ ಹಾಕಿದ ಒಂದು ರೂಪಾಯಿ ಕೊನೆಯ ವರ್ಷಗಳಲ್ಲಿ ಹಾಕಿದ ರೂಪಾಯಿಗಿಂತ ಬಹಳ ಹೆಚ್ಚು ಕೆಲಸ ಮಾಡ್ತದೆ. "ಸಂಬಳ ಹೆಚ್ಚಾಗಲಿ, ಆಮೇಲೆ ನೋಡೋಣ" ಅನ್ನೋರು ಇದನ್ನ ಬರೆದಿಟ್ಟುಕೊಳ್ರಿ.

3. ನೂರು ರೂಪಾಯಿ ಎಲ್ಲಿಂದ ಬಂತು?

ನಮ್ಮ ಮನೆಯ ಲೆಕ್ಕ ಹೇಳ್ತೀನಿ. ಹಾವೇರಿಯಿಂದ ರಾಣೆಬೆನ್ನೂರಿಗೆ ಬೈಕ್ ಬಿಟ್ಟು ಬಸ್ ಪಾಸ್ ಮಾಡಿಸಿದೆ, ದಿನಕ್ಕೆ 40 ರೂಪಾಯಿ ಉಳೀತು. ಮಧ್ಯಾಹ್ನ ಖಾನಾವಳಿ ಬಿಟ್ಟು ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದೆ, 30 ರೂಪಾಯಿ. ಸಂಜೆಯ ಗಿರ್ಮಿಟ್ಟು ಮಿರ್ಚಿ ಬಿಡಲಿಲ್ಲ, ಆದರೆ ದಿನಾ ತಿನ್ನೋದು ಶನಿವಾರಕ್ಕೆ ಮಾತ್ರ ಬಂತು, 15 ರೂಪಾಯಿ. ನೋಡದೇ ಇರೋ ಚಾನೆಲ್ಲು, ಬೇಡದ ರಿಚಾರ್ಜು, 15 ರೂಪಾಯಿ. ಕೂಡಿಸಿದರೆ ನೂರು. ಇದರಲ್ಲಿ ದೊಡ್ಡ ತ್ಯಾಗ ಯಾವುದೂ ಇಲ್ಲ, ಸಾಕ್ಷಿ ಹೇಳೋ ಅಂಥದ್ದೂ ಇಲ್ಲ. ಆದರೆ ಅದು ದಿನಾ ಆಗಬೇಕು, ಆ ತಿಂಗಳೇ ಸಾಲದ ಖಾತೆಗೆ ಹೋಗಬೇಕು. ಉಳಿಸಿದ ದುಡ್ಡು ಉಳಿತಾಯ ಖಾತೆಯಲ್ಲೇ ಕೂತರೆ ಅದಕ್ಕೆ ಕಾಲು ಬರ್ತಾವೆ.

ಎರಡನೇದು ವರ್ಷದ ಲೆಕ್ಕ. ನನ್ನ ಹೆಂಡತಿ ಇದನ್ನ ನಮ್ಮ ಅವ್ವನಿಂದ ಕಲಿತಳು. ಬ್ಯಾಡಗಿ ಮೆಣಸಿನಕಾಯಿ, ಅದೇ 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಊರ ಕೆಂಪು ಕಾಯಿ, ಅದು ಮಾರುಕಟ್ಟೆಗೆ ತುಂಬಿ ಬರೋ ಕಾಲದಲ್ಲೇ ವರ್ಷಕ್ಕೆ ಬೇಕಾದಷ್ಟು ಕೊಂಡು, ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿಸೋದು. ಹಿಂಗಾರಿ ಜೋಳ ರಾಶಿ ಆದ ಮೇಲೆ ಚೀಲದ ಲೆಕ್ಕದಲ್ಲಿ ಕೊಂಡು ಬೇವಿನ ಎಲೆ ಹಾಕಿ ಇಡೋದು. ಪಾಕೀಟು ಪಾಕೀಟಾಗಿ ಕೊಳ್ಳೋದಕ್ಕೂ ಇದಕ್ಕೂ ಇರೋ ವ್ಯತ್ಯಾಸ ವರ್ಷದ ಕೊನೆಗೆ ಕೈಗೆ ಸಿಗ್ತದೆ. ಇರುವೆ ಸುಗ್ಗಿಯಲ್ಲಿ ಕೂಡಿಡ್ತದೆ ಅಂತ ಜ್ಞಾನೋಕ್ತಿ 6ನೇ ಅಧ್ಯಾಯ ತೋರಿಸಿಕೊಡ್ತದಲ್ಲ, ನಮ್ಮ ಅವ್ವಂದಿರು ಅದನ್ನ ಓದದೇನೇ ಮಾಡ್ತಿದ್ದರು.

ಮೂರನೇದು, ಕೈಗೆ ಬಂದ ಹೆಚ್ಚಿನ ದುಡ್ಡು. ತುಟ್ಟಿಭತ್ಯೆ ಹೆಚ್ಚಾದರೆ, ಬಾಕಿ ಬಂದರೆ, ಅರ್ಧ ಸಾಲಕ್ಕೆ ಅಂತ ಇಬ್ಬರೂ ಕೂತು ಮೊದಲೇ ಮಾತಾಡಿಕೊಂಡಿದ್ವಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ನನ್ನ ಹೆಂಡತಿಯ ಬ್ಯಾಡಗಿ ಬಸ್ ಚಾರ್ಜ್ ನಿಂತಿತು. "ರೀ, ಆ ದುಡ್ಡು ಇಲ್ಲಿವರೆಗೆ ಹೇಗೂ ಹೋಗ್ತಿತ್ತು, ಈಗ ಸಾಲಕ್ಕೆ ಹೋಗ್ಲಿ" ಅಂದಳು. ಹಾಗೇ ಮಾಡಿದ್ವಿ.

ಇಷ್ಟೆಲ್ಲ ಮಾಡುವಾಗ ನಾಚಿಕೆ ಆಗಲ್ವಾ ಅಂತ ಕೆಲವರು ಕೇಳ್ತಾರೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊರಗೆ ಊಟಕ್ಕೆ ಹೊರಟಾಗ ರೊಟ್ಟಿ ಬುತ್ತಿ ಬಿಚ್ಚೋದು ನಾಚಿಕೆಯಾ? ನಮ್ಮ ಕಾಗಿನೆಲೆಯ ಕನಕದಾಸರು 16ನೇ ಶತಮಾನದಲ್ಲೇ ರಾಮಧಾನ್ಯ ಚರಿತೆ ಬರೆದರು. ಅಕ್ಕಿ ದೊಡ್ಡದೋ ರಾಗಿ ದೊಡ್ಡದೋ ಅಂತ ಜಗಳ. ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಟ್ಟಾಗ ಅಕ್ಕಿ ಕೆಟ್ಟಿತು, ಬಡವರ ರಾಗಿ ಗಟ್ಟಿಯಾಗಿ ನಿಂತಿತು. ಸಾದಾ ಊಟವನ್ನ ಕೀಳು ಅಂತ ನೋಡಬೇಡಿ ಅಂತ ಹೇಳೋಕೆ ಈ ನೆಲಕ್ಕೆ ಯಾರೂ ಹೊರಗಿಂದ ಬರಬೇಕಾಗಿಲ್ಲ.

4. ಮಿತವ್ಯಯ ಬೇರೆ, ಜಿಪುಣತನ ಬೇರೆ

ಪ್ರಿಯರೇ, ಇಲ್ಲಿ ಜಾಗ್ರತೆ ಬೇಕು. ನೂರು ರೂಪಾಯಿ ಉಳಿಸೋದು ಸುಲಭ, ಅದು ಯಾರ ನೂರು ರೂಪಾಯಿ ಅನ್ನೋದನ್ನ ಕೇಳಿಕೊಳ್ಳೋದು ಕಷ್ಟ.

ಕಳೆದ ವರ್ಷ ಬೆಂಗಳೂರಲ್ಲಿ ಕೆಲಸ ಮಾಡೋ ಒಬ್ಬ ತಮ್ಮ ನನ್ನನ್ನ ಕೇಳಿದ: "ಬ್ರದರ್, ಊರಿಗೆ ಅಪ್ಪ ಅಮ್ಮಗೆ ಕಳಿಸೋ ದುಡ್ಡು ಎರಡು ವರ್ಷ ನಿಲ್ಲಿಸಿ ಲೋನಿಗೆ ಹಾಕಿಬಿಡ್ಲಾ? ಸಾಲ ತೀರಿಸೋದೂ ದೇವರ ಚಿತ್ತಾನೇ ಅಲ್ವಾ?" ಗಣಿತದ ಪ್ರಕಾರ ಅವನ ಲೆಕ್ಕ ಸರಿ. ನಾನು ಅವನಿಗೆ ಮಾರ್ಕ 7ನೇ ಅಧ್ಯಾಯ ತೆಗೆದು ಓದು ಅಂದೆ. ಅಲ್ಲಿ ಕೆಲವರು ತಂದೆತಾಯಿಗೆ ಕೊಡಬೇಕಾದದ್ದನ್ನ "ಕೊರ್ಬಾನ್", ಅಂದ್ರೆ ದೇವರಿಗೆ ಮೀಸಲು, ಅಂತ ಹೇಳಿ ಕೈ ತೊಳೆದುಕೊಳ್ತಿದ್ದರು. ಯೇಸುಸ್ವಾಮಿ ಅದನ್ನ ಒಪ್ಪಲಿಲ್ಲ. ದೇವರ ಹೆಸರಲ್ಲಿ ಇಟ್ಟ ಕಾಣಿಕೆಯೇ ತಂದೆತಾಯಿಯ ಪಾಲನ್ನ ನುಂಗಬಾರದು ಅಂದ್ರೆ, ನನ್ನ ಮನೆ ಸಾಲ ನುಂಗಬಹುದಾ? ನಮ್ಮ ಕಾಲದ ಕೊರ್ಬಾನ್ ಹೋಮ್ ಲೋನ್ ಆಗಬಾರದು. ಆ ತಮ್ಮ ಊರಿನ ದುಡ್ಡು ಮುಟ್ಟಲಿಲ್ಲ. ಹೊಸ ಫೋನಿನ ಕಂತು ಬೇಡ ಅಂತ ಬಿಟ್ಟ. ಅವನ ಸಾಲ ಸ್ವಲ್ಪ ನಿಧಾನವಾಗಿ ಇಳೀತಾ ಇದೆ, ಅವನ ಅಪ್ಪನ ಬಿ.ಪಿ. ಮಾತ್ರೆ ತಪ್ಪಿಲ್ಲ.

ಹಾಗೇ, ತಲೆ ಮೇಲೆ ಬುಟ್ಟಿ ಹೊತ್ತು ಬರೋ ಅಜ್ಜಿ ಹತ್ತಿರ ಮೆಂತ್ಯ ಸಿವುಡಿಗೆ ಐದು ರೂಪಾಯಿ ಕಡಿಮೆ ಮಾಡಿಸೋದು ಮಿತವ್ಯಯ ಅಲ್ಲ. ಮನೆ ಕೆಲಸದ ಅಕ್ಕನ ಸಂಬಳ ಹಿಡಿಯೋದು ಮಿತವ್ಯಯ ಅಲ್ಲ. ಆ ದುಡ್ಡು ಅವರದ್ದು. ಉಳಿಸೋದಿದ್ದರೆ ನಮ್ಮ ಆಸೆಯಿಂದ ಉಳಿಸೋಣ, ಅವರ ಅನ್ನದಿಂದ ಬೇಡ. ಐದು ಸಾವಿರ ಜನ ಉಂಡ ಮೇಲೆ ಯೇಸು ತುಂಡುಗಳನ್ನ ಕೂಡಿಸಲಿಕ್ಕೆ ಹೇಳಿದ್ದು ಎಲ್ಲರ ಹೊಟ್ಟೆ ತುಂಬಿದ ನಂತರ. ಹಸಿದವರ ಕೈಯಿಂದ ಕಿತ್ತು ಬುಟ್ಟಿ ತುಂಬಿಸಲಿಲ್ಲ.

ಇನ್ನೊಂದು ಮಾತು. ಸಾಲ ಇದ್ದವರನ್ನೆಲ್ಲ ದುಂದುಗಾರರು ಅಂತ ತೀರ್ಪು ಮಾಡಬೇಡಿ. ನೆಹೆಮೀಯ 5ರಲ್ಲಿ ಜನ ಹೊಲ, ದ್ರಾಕ್ಷಿತೋಟ, ಮನೆ ಅಡ ಇಟ್ಟದ್ದು ಬರಗಾಲದಲ್ಲಿ ಕಾಳು ತರೋದಕ್ಕೆ. ನೆಹೆಮೀಯ ಅವರಿಗೆ ಉಳಿತಾಯದ ಪಾಠ ಹೇಳಲಿಲ್ಲ, ಬಡ್ಡಿ ತಿನ್ನೋ ದೊಡ್ಡ ಮನುಷ್ಯರನ್ನ ಕರೆದು ಗದರಿಸಿದ. ಆಸ್ಪತ್ರೆ ಬಿಲ್ಲಿಗೆ ಸಾಲ ಮಾಡಿದವನಿಗೆ ಈ ಪಾಠದ ಲಿಂಕ್ ಕಳಿಸಬೇಡಿ. ಕೈಲಾದಷ್ಟು ದುಡ್ಡು ಕಳಿಸಿ.

5. ಓಡೋಕೆ ಮುಂಚೆ ತಿಳಿದಿರಬೇಕಾದದ್ದು

ಒಂದು, ಕ್ರಮ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಅದು ತಿಂಗಳಿಗೇ ಶೇ 3ರ ಮೇಲೆ ಬಡ್ಡಿ ಎಳೀತದೆ. ಮೊದಲು ಅದು. ಆಮೇಲೆ ಕೈಸಾಲ, ಫೋನು, ಬೈಕಿನ ಕಂತು. ಮನೆ ಸಾಲ ಕೊನೆಗೆ.

ಎರಡು, ಆರು ತಿಂಗಳ ಮನೆ ಖರ್ಚು ಬೇರೆ ತೆಗೆದಿಡಿ. ಸಾಲಕ್ಕೆ ಕಟ್ಟಿದ ದುಡ್ಡನ್ನ ಕೆಲಸ ಹೋದಾಗ ಬ್ಯಾಂಕಿಗೆ ಹೋಗಿ ವಾಪಸ್ ಕೊಡಿ ಅಂದರೆ ಸುಮ್ಮನೆ ಕೊಡಲ್ಲ. ಗೋಪುರ ಕಟ್ಟೋನು ಮೊದಲು ಕೂತು ಖರ್ಚಿನ ಲೆಕ್ಕ ಹಾಕ್ತಾನೆ ಅಂತ ಲೂಕ 14ರಲ್ಲಿ ಕರ್ತನೇ ಹೇಳಿದ್ದಾರೆ.

ಮೂರು, ದಂಡದ ಭಯ ಬೇಡ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲವನ್ನ ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ.

ನಾಲ್ಕು, ಹೆಚ್ಚಿಗೆ ಕಟ್ಟಿದಾಗ "ಕಂತು ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರೆದುಕೊಡಿ. ಕಂತು ಕಡಿಮೆ ಮಾಡಿಸಿಕೊಂಡರೆ ಆ ದುಡ್ಡು ಮತ್ತೆ ಪೇಟೆ ಸೇರ್ತದೆ. ಬಡ್ಡಿ ಏರಿದಾಗಲೂ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಅಂತ ಆರಿಸಿಕೊಳ್ಳೋ ಅವಕಾಶವನ್ನ ಬ್ಯಾಂಕ್ ನಿಮಗೆ ಕೊಡಬೇಕು. 2023ರಿಂದ ಆ ನಿಯಮ ಇದೆ. ಕೇಳಿ.

ಐದು, "ಟ್ಯಾಕ್ಸ್ ಉಳೀತದೆ, ಸಾಲ ಇಟ್ಟುಕೋ" ಅನ್ನೋ ಮಾತು. ಹಳೇ ತೆರಿಗೆ ಪದ್ಧತಿಯಲ್ಲಿ ನಾವೇ ವಾಸ ಇರೋ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಅದಿಲ್ಲ. ಇದ್ದರೂ, ಶೇ 30ರ ಹಂತದಲ್ಲಿ ಇರೋನು 100 ರೂಪಾಯಿ ಬಡ್ಡಿ ಕಟ್ಟಿ ಸುಮಾರು 31 ರೂಪಾಯಿ ತೆರಿಗೆ ಉಳಿಸ್ತಾನೆ. ಉಳಿದ 69 ಎಲ್ಲಿ ಹೋಯ್ತು?

ಆರು, ಸಾಲ ಮುಗಿದ ದಿನ ಸಿಹಿ ಹಂಚಿ ಸುಮ್ಮನಾಗಬೇಡಿ. ಮೂಲ ಪತ್ರಗಳನ್ನ 30 ದಿನದೊಳಗೆ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಪತ್ರ ತಂದ ಮೇಲೆ ಹೊಸ ಇ.ಸಿ. ತೆಗೆಸಿ ಋಣಭಾರ ಇಳಿದಿದೆಯಾ ಅಂತ ಕಣ್ಣಾರೆ ನೋಡಿ.

6. ಬಿಡುಗಡೆ ಯಾತಕ್ಕೆ?

ಕರ್ತನ ಬರೋಣ ಹತ್ತಿರ ಇರುವಾಗ ಸಾಲ ಯಾಕೆ ಬ್ರದರ್ ಬೇಗ ತೀರಿಸಬೇಕು ಅಂತ ಒಬ್ಬರು ನಗಾಡ್ತಾ ಕೇಳಿದರು. ನಾನೂ ನಕ್ಕೆ. ಆದರೆ ಉತ್ತರ ಇದೆ. ಸಾಲ ತಗೊಂಡವನ ಸ್ವಾತಂತ್ರ್ಯ ಕೊಟ್ಟವನ ಕೈಯಲ್ಲಿ ಸಿಕ್ಕಿಕೊಳ್ತದೆ ಅನ್ನೋ ಅರ್ಥದ ಮಾತು ಜ್ಞಾನೋಕ್ತಿ 22:7ರಲ್ಲಿದೆ. ಭಾನುವಾರ ಶಿಫ್ಟ್ ಹಾಕಿದರೆ ಇಲ್ಲ ಅನ್ನಲಾರಿರಿ. ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಅಂದರೆ ಕೈ ನಡುಗ್ತದೆ, ಆದರೂ ಕಂತಿನ ತಾರೀಕು ಕಣ್ಣ ಮುಂದೆ ಬರ್ತದೆ. ದೇವರು ಕರೆದಾಗ ಬೇಗ ಎದ್ದು ಹೊರಡೋಕೆ ಹೆಗಲ ಮೇಲಿನ ಹೊರೆ ಹಗುರ ಇರಬೇಕು.

ನಮ್ಮ ಮನೆಯಲ್ಲಿ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಆ ಹನ್ನೊಂದು ವರ್ಷ ನನ್ನ ಹೆಂಡತಿ ರಾತ್ರಿ ಪಾಳಿ ಮಾಡಿದಳು, ಅದಕ್ಕೆ ಸಂಬಳ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಅವ್ವನ ಕಣ್ಣು ಮಂಜಾಗ್ತಾ ಬಂತು, ರಾತ್ರಿ ಒಬ್ಬಳೇ ಬಚ್ಚಲಿಗೆ ಹೋಗೋದೂ ಕಷ್ಟ ಆಯ್ತು. 2024ರಲ್ಲಿ ಕಂತು ನಿಂತ ಮರುತಿಂಗಳು ನನ್ನ ಹೆಂಡತಿ ರಾತ್ರಿ ಪಾಳಿ ಬೇಡ ಅಂತ ಬರೆದುಕೊಟ್ಟಳು. ಸಂಬಳ ಕಡಿಮೆ ಆಯ್ತು. ಈಗ ರಾತ್ರಿ ಅವ್ವನ ಪಕ್ಕ ಮಲಗ್ತಾಳೆ. ಸಾಲ 2033ರವರೆಗೆ ಇದ್ದಿದ್ದರೆ ಆ ಚೀಟಿ ಬರೆಯೋ ಧೈರ್ಯ ನಮಗೆ ಇರ್ತಿರಲಿಲ್ಲ. ನಾವು ಉಳಿಸಿದ ಏಳೂ ಚಿಲ್ಲರೆ ಲಕ್ಷ ಏನಾಯ್ತು ಅಂತ ಕೇಳಿದರೆ, ಇದೇ ಆಯ್ತು.

ರೋಮಾಪುರದವರಿಗೆ ಬರೆದ ಪತ್ರದ 13:8 ತೆಗೀರಿ. ಎಲ್ಲ ಸಾಲ ತೀರಿದ ಮೇಲೂ ಒಂದು ಸಾಲ ಉಳೀತದೆ ಅಂತಾನೆ ಪೌಲ, ಪ್ರೀತಿಯ ಸಾಲ. ಅದಕ್ಕೆ ಅವಧಿಯೂ ಇಲ್ಲ, ಬೋಜಾ ಇಳಿಸೋ ಮಾತೂ ಇಲ್ಲ. ಬ್ಯಾಂಕಿನ ಸಾಲ ಬೇಗ ತೀರಿಸೋದು ಆ ಸಾಲವನ್ನ ಧಾರಾಳವಾಗಿ ಕಟ್ಟೋದಕ್ಕೆ.

ಈ ವಾರ ಮಾಡಬೇಕಾದದ್ದು

- ನಿಮ್ಮ ಸಾಲದ ಖಾತೆ ವಿವರ ತೆಗೆದು ಕಳೆದ ತಿಂಗಳು ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು ಹೋಗಿದೆ ಅಂತ ಬರೆಯಿರಿ.
- ಏಳು ದಿನದ ಖರ್ಚು ಬರೆದು, ನಿಮ್ಮದೇ ಆದ ನೂರು ರೂಪಾಯಿ ಎಲ್ಲಿದೆ ಹುಡುಕಿ. ಬೇರೆಯವರ ಪಾಲು ಮುಟ್ಟಬೇಡಿ.
- ಮದುವೆ ಆದವರು ಗಂಡ ಹೆಂಡತಿ ಒಟ್ಟಿಗೆ ಕೂತು ಲೆಕ್ಕ ಹಾಕಿ. ಒಬ್ಬರೇ ಹಾಕಿದ ಲೆಕ್ಕ ನಿಲ್ಲೋದಿಲ್ಲ.
- ಸಾಲ ಮುಗಿದ ಮೇಲೆ ಆ ಸಮಯ, ಆ ದುಡ್ಡು ಯಾರಿಗಾಗಿ ಅಂತ ಈಗಲೇ ಒಂದು ಹೆಸರು ಬರೆದಿಡಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನೀವು ಪ್ರತಿ ತಿಂಗಳು ಕೊಡುವ ಎಣ್ಣೆಗಾಗಿ ಸ್ತೋತ್ರ. ಅದನ್ನ ಯಾವ ಪಾತ್ರೆಗೆ ಸುರಿಯಬೇಕು ಅನ್ನೋ ವಿವೇಕ ಈ ಮಕ್ಕಳಿಗೆ ಕೊಡಿ. ಬಾಗಿಲಲ್ಲಿ ನಿಂತ ಸಾಲಗಾರನಿಗೆ ಹೆದರಿ ಕೂತ ಮನೆಗಳನ್ನ ನೆನಪು ಮಾಡಿಕೊಳ್ಳಿ, ಅವರಿಗೆ ಸಹಾಯ ಮಾಡೋ ಕೈ ನಮಗೆ ಕೊಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.